ನೀರಿಗಿಳಿಯುವ ಉಡುಪು

ಪೋಸ್ಟಾಫೀಸಿನ ಗುಮಾಸ್ತರ ಹೊಟ್ಟೆ ಅಷ್ಟು ಮುಂದೆ ಬಂದಿರದಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ.

ನಲವತ್ತೈದು ದಾಟಿದ ಮೇಲೆ ಅವರಿಗೆ ಸಮುದ್ರದೊಳಗೆ ಮುಳುಗಿ ಮೀನು ನೋಡುವ ಹುಚ್ಚು ಹಿಡಿದಿತ್ತು. ಸ್ಕೂಬಾ ತರಬೇತುದಾರ ಸಿಲಿಂಡರು, ಉಸಿರಿನ ಕೊಳವೆ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಿದ್ದ. ಮೈಗಂಟುವ ರಬ್ಬರ್ ಉಡುಪು ಮಾತ್ರ ಗುಮಾಸ್ತರ ಅಳತೆಯದು ಅವನಲ್ಲಿರಲಿಲ್ಲ. ಭಾನುವಾರ ಮೊದಲ ಮುಳುಗು. ಅಷ್ಟರೊಳಗೆ ಸ್ವಂತದ್ದೊಂದು ತರದಿದ್ದರೆ ದಡದಲ್ಲಿ ಕೂತು ಬೇರೆಯವರ ಚಪ್ಪಲಿ ಕಾಯಬೇಕಾಗುತ್ತದೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಹೊಸದು ಕೊಳ್ಳಲು ಶಕ್ತಿಯಿರಲಿಲ್ಲ, ಹಳೆಯದು ಕೊಳ್ಳಲು ಧೈರ್ಯವಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ಅಗ್ಗಕ್ಕೆ ತಂದಿದ್ದ ನೀರುಗನ್ನಡಕ ಸೋರುತ್ತಿತ್ತು; ಕಾಲಿಗೆ ಕಟ್ಟುವ ರೆಕ್ಕೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. "ಇನ್ನೊಂದು ಹಳೇ ಸಾಮಾನು ಈ ಹೊಸಲು ದಾಟಿದ್ರೆ ನೋಡಿ" ಎಂದು ಹೆಂಡತಿ ಎಚ್ಚರಿಸಿಯಾಗಿತ್ತು. ಆದರೆ ಶುಕ್ರವಾರ ಸಂಜೆ ಅದೇ ಅಂಗಡಿಯಲ್ಲಿ ಹೆಚ್ಚುಕಡಿಮೆ ಅವರ ಗಾತ್ರದ್ದೇ ಒಂದು ಉಡುಪು ನೇತಾಡುತ್ತಿತ್ತು. ಬಿಗಿಯಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವನು ಬೇರೆ ಹುರಿದುಂಬಿಸಿದ. ಗುಮಾಸ್ತರು ಅದನ್ನು ಪಾರ್ಸೆಲ್ ಚೀಲದಲ್ಲಿ ಅಡಗಿಸಿ ತಂದರು.

ಶನಿವಾರ ಬೆಳಿಗ್ಗೆ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋದದ್ದೇ ತಡ, ಬಾಗಿಲು ಹಾಕಿಕೊಂಡು ಉಡುಪಿನೊಳಗೆ ನುಗ್ಗಿದರು. ದೊಡ್ಡ ದಿಂಬನ್ನು ಸಣ್ಣ ಗವಸಿಗೆ ತುರುಕಿದ ಹಾಗಾಯಿತು. ಬೆನ್ನಿನ ಜಿಪ್ಪಿಗಿದ್ದ ಉದ್ದನೆಯ ಪಟ್ಟಿ ಹಿಡಿದು ಜಗ್ಗಿದರು. ಜಿಪ್ಪು ಕತ್ತಿನವರೆಗೆ ಏರಿ ಅಲ್ಲೇ ಕಚ್ಚಿಕೊಂಡಿತು. ಪಟ್ಟಿ ಕಿತ್ತು ಕೈಗೆ ಬಂತು. ಆಮೇಲೆ ಬಗ್ಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಮಹಡಿಯ ಟೈಲರನ್ನು ಕರೆಯೋಣವೆಂದು ಮೆಲ್ಲನೆ ಬಾಗಿಲು ತೆಗೆದರೆ, ಎದುರಿಗೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು. ಮೊದಲು ಹೆದರಿದರು, ಗುರುತು ಹಿಡಿದ ಮೇಲೆ ಯಜಮಾನಿಕೆ ವಹಿಸಿಕೊಂಡರು. ಸೋಪಿನ ನೀರು ಹಾಕಿದರೆ ಸರಾಗವಾಗಿ ಜಾರುತ್ತದೆ ಎಂಬುದು ಅವರ ಸಿದ್ಧಾಂತ. ಜಾರಿದ್ದು ನಿಜ, ಆದರೆ ಉಡುಪಲ್ಲ, ಗುಮಾಸ್ತರು. ಮೆಟ್ಟಿಲ ಮೇಲೆ ಧೊಪ್ಪನೆ ಬಿದ್ದ ಸದ್ದಿಗೆ ಇಡೀ ಕಟ್ಟಡವೇ ಬಂದು ಸೇರಿತು. ತೋಳು ಹಿಡಿದು ಒಬ್ಬರು, ಕಾಲು ಹಿಡಿದು ಇನ್ನೊಬ್ಬರು ಎಳೆದರು. ರಬ್ಬರು ಒಂದಿಂಚೂ ಕದಲಲಿಲ್ಲ.

ಕೊನೆಗೆ ಟೈಲರ್ ಕತ್ತರಿ ತಂದು ಬೆನ್ನ ಹೊಲಿಗೆ ಬಿಚ್ಚಿದ. ಪಾಪ, ಒಳ್ಳೆಯವನು, ಹೊಸ ಜಿಪ್ಪು ಹಾಕಿ ಮತ್ತೆ ಹೊಲಿದೂ ಕೊಟ್ಟ. ಕಪ್ಪು ದಾರ ಮುಗಿದಿತ್ತೆಂದು ಕೆಂಪು ದಾರದಲ್ಲಿ ಹೊಲಿದಿದ್ದ.

"ಮನೆಯವಳಿಗೆ ಮಾತ್ರ ಹೇಳ್ಬೇಡಿ" ಎಂದು ಗುಮಾಸ್ತರು ಎಲ್ಲರಿಗೂ ಕೈಮುಗಿದರು. ಇನ್ನು ಆ ಉಡುಪಿನ ಮುಖ ನೋಡುವುದಿಲ್ಲವೆಂದು ನೇರವಾಗಿ ಅಂಗಡಿಗೆ ಹೋಗಿ ಅರ್ಧ ಬೆಲೆಗೆ ಕೊಟ್ಟುಬಂದರು. ದಾರಿಯುದ್ದಕ್ಕೂ ಉಸಿರು ಸಲೀಸಾಗಿ ಆಡುತ್ತಿತ್ತು, ಆದರೂ ಮನಸ್ಸಿಗೆ ತುಂಬ ಸಂಕಟವಾಯಿತು. ಮೀನು ನೋಡುವ ಯೋಗ ಈ ಜನ್ಮಕ್ಕಿಲ್ಲ ಅಂದುಕೊಂಡರು.

ಸಂಜೆ ಹೆಂಡತಿ ದೊಡ್ಡದೊಂದು ಚೀಲ ಹಿಡಿದು ಬಂದಳು.

"ನಿಮ್ಮ ತರಬೇತುದಾರ ಫೋನ್ ಮಾಡಿದ್ದ. ಉಡುಪಿಲ್ದೆ ನಾಳೆ ನಿಮ್ಮನ್ನ ದಡದಲ್ಲೇ ಬಿಡ್ತಾನಂತೆ. ಎಲ್ರೂ ಮುಳುಗೋವಾಗ ನೀವೊಬ್ರೇ ಚಪ್ಪಲಿ ಕಾಯ್ತಾ ಕೂರೋದು ನೆನೆಸ್ಕೊಂಡ್ರೆ ಕರುಳು ಚುರುಕ್ ಅಂತು. ಅದಕ್ಕೇ ನಾನೇ ಹೋಗಿ ತಂದೆ. ಹಳೇದೇ, ಆದ್ರೆ ಜಿಪ್ಪು ಹೊಸದಂತೆ. ಹಾಗಾಗಿ ಬೆಲೆ ಸ್ವಲ್ಪ ಜಾಸ್ತಿ ಅಂದ ಅಂಗಡಿಯವನು."

ಗುಮಾಸ್ತರು ಉಡುಪನ್ನು ಮೆಲ್ಲನೆ ತಿರುಗಿಸಿದರು. ಬೆನ್ನುದ್ದಕ್ಕೂ ಕೆಂಪು ಹೊಲಿಗೆ.

"ಒಂದ್ಸಲ ಹಾಕ್ಕೊಂಡು ತೋರ್ಸಿ" ಎಂದಳು ಹೆಂಡತಿ. ಮದುವೆಯಾದ ಹೊಸದರಲ್ಲೂ ಆಕೆಯ ಮುಖದಲ್ಲಿ ಅಷ್ಟು ಸಂಭ್ರಮವನ್ನು ಅವರು ಕಂಡಿರಲಿಲ್ಲ. ಇಲ್ಲವೆನ್ನಲು ಬಾಯಿ ಬರಲಿಲ್ಲ.

"ಹಾಕ್ಕೋತೀನಿ" ಎಂದರು ಗುಮಾಸ್ತರು. "ಅದಕ್ಕೆ ಮುಂಚೆ, ಮಹಡಿ ಟೈಲರ್ ಮನೇಲಿದ್ದಾನಾ ಅಂತ ಸ್ವಲ್ಪ ನೋಡ್ಕೊಂಡು ಬಾ."