ಮೊದಲ ಗ್ರೀನಿಗೆ ಮೂರು ಪ್ರದಕ್ಷಿಣೆ

ಹಿರಿಯರು ಏನಾದರೂ ಹೇಳಿದಾಗ ‘ಆಗುವುದಿಲ್ಲ’ ಎನ್ನುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನಾದ ಮ್ಯಾನೇಜರನಿಗೆ ಮುಖಕ್ಕೆ ಹೊಡೆದ ಹಾಗೆ ‘ನೋ’ ಎಂದುಬಿಡುತ್ತೇನೆ. ಆದರೆ ಮಂಕಿ ಟೋಪಿ ಹಾಕಿಕೊಂಡ ಹಿರಿಯರೊಬ್ಬರು “ನೋಡಪ್ಪಾ” ಎಂದು ಶುರುಮಾಡಿದರೆ ಸಾಕು, ಅವರ ಮಾತು ಮುಗಿಯುವುದರೊಳಗೆ ನನ್ನ ತಲೆ ಆಡಿರುತ್ತದೆ. ಹೀಗೆ ತಲೆಯಾಡಿಸಿಯೇ ನಾನು ಯಾರದೋ ಅಳಿಯನನ್ನು ಏರ್‌ಪೋರ್ಟಿನಿಂದ ಕರೆತಂದಿದ್ದೇನೆ. ರಾಗದ ಗಂಧವಿಲ್ಲದಿದ್ದರೂ ರಾಜ್ಯೋತ್ಸವದ ವೃಂದಗಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಬರೀ ಬಾಯಿ ಆಡಿಸಿದ್ದೇನೆ. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಬಷೀರ್ ಸಾಹೇಬರು ಗಾಲ್ಫ್ ಮೈದಾನ ಕೊಳ್ಳುವವರೆಗೆ.

ಬಷೀರ್ ಸಾಹೇಬರು ಹರಿಹರದ ಕಡೆಯವರು. ಡೆಟ್ರಾಯಿಟ್ ಸುತ್ತಮುತ್ತ ವರ್ಷಗಟ್ಟಲೆ ಗ್ಯಾಸ್ ಸ್ಟೇಷನ್ ನಡೆಸಿ, ಅದನ್ನು ಮಾರಿ, ನಾರ್ತ್‌ವಿಲ್ ಹತ್ತಿರ ಒಂಬತ್ತು ಕುಳಿಗಳ ಒಂದು ಪುಟ್ಟ ಮೈದಾನ ಕೊಂಡರು. ಅವರಿಗೆ ಗಾಲ್ಫ್ ಬರುತ್ತಿರಲಿಲ್ಲ. ಯಾರಾದರೂ ಅದನ್ನೆತ್ತಿದರೆ, “ಪೆಟ್ರೋಲ್ ಕುಡಿಯಾಕ್ ಬರ್ತಿತ್ತು ಅಂತ ಸ್ಟೇಷನ್ ಇಟ್ಟಿದ್ನೇನ್ರಿ ಸಾರ್?” ಎಂದು ಕೇಳುತ್ತಿದ್ದರು. ಅವರು ಕೊಂಡದ್ದು ಶರತ್ಕಾಲದಲ್ಲಿ, ಮರಗಳೆಲ್ಲ ಕೆಂಪಾಗಿ ಮದುಮಗಳ ಹಾಗೆ ನಿಂತಿದ್ದಾಗ. ಆಮೇಲೆ ಬಂದ ಚಳಿಗಾಲ ಎಂಥದ್ದೆಂದರೆ, ಇಲ್ಲೇ ಹುಟ್ಟಿ ಮುದುಕರಾದವರೂ ಇಂಥದ್ದನ್ನು ಕಂಡಿಲ್ಲ ಎಂದು ಕೊರಗಿದರು. ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಕೆಳಗಿನಿಂದ ಮುರಿದ ಕೊಂಬೆಗಳು, ಒಡೆದ ನೀರಿನ ಪೈಪುಗಳು, ಹುಲ್ಲಿನ ಮೇಲೆ ತಟ್ಟೆಯಷ್ಟಗಲದ ಬೂದುಬಣ್ಣದ ಬೂಷ್ಟಿನ ಕಲೆಗಳು, ಜೊತೆಗೆ ಕೆನಡಾದ ಬಾತುಗಳು ಎಲ್ಲೆಂದರಲ್ಲಿ ಬಿಟ್ಟುಹೋದ ಉಡುಗೊರೆಗಳು ಹೊರಬಂದವು.

ಸಾಹೇಬರ ಚಿಂತೆ ಇದಲ್ಲ. ಕಾರ್ ಕಾರ್ಖಾನೆಗಳಿಂದ ನಿವೃತ್ತರಾದ ಮುದುಕರ ತಂಡವೊಂದು ಎಷ್ಟೋ ವರ್ಷಗಳಿಂದ ವಾರವಾರವೂ ಅಲ್ಲಿ ಆಡುತ್ತಿತ್ತು. ಹೊಸ ಮಾಲೀಕನ ಮೇಲೆ ಅವರಿಗೆ ಅಷ್ಟು ಭರವಸೆ ಇರಲಿಲ್ಲ. ಬಾಗಿಲು ತೆರೆಯುವ ಶನಿವಾರ ಬೆಳಿಗ್ಗೆ ಬಂದು ನೋಡುತ್ತೇವೆ, ಗ್ರೀನುಗಳು ಸರಿಯಿಲ್ಲದಿದ್ದರೆ ಈ ಸಲದಿಂದ ಬೇರೆ ಕಡೆ ಹೋಗುತ್ತೇವೆ ಎಂದು ಹೇಳಿಕಳಿಸಿದ್ದರು. ಗ್ರೀನ್ ಎಂದರೆ ಕುಳಿಯ ಸುತ್ತ ಜಮಖಾನೆಯ ಹಾಗೆ ಒತ್ತಾಗಿ ಕತ್ತರಿಸಿ ಬೆಳೆಸಿದ ಹುಲ್ಲು. ಮೈದಾನದ ಮಾನ ಇರುವುದೇ ಅಲ್ಲಿ. ಆ ತಂಡ ಹೋದರೆ ಉಳಿದವರೂ ಹೋಗುತ್ತಾರೆ. ಸಾಹೇಬರು ಆ ಚಳಿಗಾಲದಲ್ಲಿ ಇಳಿದುಹೋಗಿದ್ದರು.

ನಾವು ಕೆಲವು ಕನ್ನಡದವರು ವಾರಾಂತ್ಯಗಳಲ್ಲಿ ಹೋಗಿ ಕೈಜೋಡಿಸಿದೆವು. ಕೊಂಬೆ ಎಳೆದೆವು, ಮರಳು ಹರಡಿದೆವು, ಬಾತುಗಳನ್ನು ಓಡಿಸಿದೆವು. ಬಾತುಗಳೂ ನಮ್ಮನ್ನು ಓಡಿಸಿದವು. ನನ್ನ ಹೆಂಡತಿ ಚಿತ್ರಾನ್ನ ಕಟ್ಟಿ ತರುತ್ತಿದ್ದಳು. ಮನೆಯ ಹಿತ್ತಲಿನ ಹುಲ್ಲನ್ನು ಒಂದು ದಿನವೂ ಕತ್ತರಿಸದ ಗಂಡ ಇಲ್ಲಿ ಕುಂಟೆ ಹಿಡಿದು ನಿಂತಿರುವುದನ್ನು ಆಕೆ ಬಹಳ ಹೊತ್ತು ನೋಡುತ್ತಿದ್ದಳು. ಒಂದೊಂದೇ ಗ್ರೀನ್ ಚೇತರಿಸಿಕೊಂಡಿತು. ಎಲ್ಲಕ್ಕಿಂತ ಚೆನ್ನಾಗಿ ಎದ್ದದ್ದು ಮೊದಲನೆಯದು.

ಆಗ ಶ್ರೀಕಂಠಯ್ಯ ಅಂಕಲ್ ಬಾಯಿ ತೆರೆದರು. ಅವರು ಬ್ರೇಕುಗಳ ಎಂಜಿನಿಯರಾಗಿದ್ದು ನಿವೃತ್ತರಾಗಿ, ನಮ್ಮೆಲ್ಲರ ಹೊಸ ಕಾರುಗಳ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಕೊಟ್ಟವರು. “ಇಷ್ಟು ದೊಡ್ಡ ಕೆಲಸ, ಒಂದು ಪೂಜೆ ಬೇಡವೇನಪ್ಪಾ?” ಎಂದರು. ಸಾಹೇಬರು ಕೂಡಲೇ, “ಮಾಡ್ರಿ ಅಂಕಲ್, ಯಾರ ದುವಾ ಆದ್ರೂ ನಂಗ ಬೇಕಾಗೈತಿ ಈಗ” ಎಂದರು. ಅಂಕಲ್ ಬೆಂಗಳೂರಿನ ಪಂಚಾಂಗ ಹಿಡಿದು, ಮಿಷಿಗನ್‌ನವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತೆರೆಯುವುದಕ್ಕೆ ಒಂದು ವಾರ ಮೊದಲು ಬೆಳಗಿನ ಏಳರ ಮುಹೂರ್ತ ಇಟ್ಟರು.

ಆ ಬೆಳಿಗ್ಗೆ ಇಪ್ಪತ್ತೆಂಟು ಡಿಗ್ರಿ, ಅಮೆರಿಕದ ಫ್ಯಾರನ್‌ಹೀಟ್ ಲೆಕ್ಕದಲ್ಲಿ, ಅಂದರೆ ನೀರು ಹೆಪ್ಪುಗಟ್ಟುವ ಚಳಿ. ಇಬ್ಬನಿ ಹೆಪ್ಪುಗಟ್ಟಿ ಮೈದಾನವೆಲ್ಲ ಸಕ್ಕರೆ ಉದುರಿಸಿದ ಹಾಗೆ ಬೆಳ್ಳಗಾಗಿತ್ತು. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ಸಾರ್, ನಾನು ಎಲ್ಲಾರಿಗೂ ಚಾ ತರ್ತೀನಿ. ಬಿಸಿಲು ಬಂದು ಫ್ರಾಸ್ಟ್ ಕರಗೋ ತನಕ ಗ್ರೀನ್ ಮ್ಯಾಲೆ ಯಾರನ್ನೂ ಬಿಡಬ್ಯಾಡ್ರಿ, ತುಳಿದ್ರೆ ಹುಲ್ಲು ಸಾಯ್ತೈತಿ” ಎಂದು ಹೇಳಿ ಮನೆಗೆ ಹೋದರು. ಅಷ್ಟು ಜನರಲ್ಲಿ ಕಾವಲಿಗೆ ಅವರು ಆರಿಸಿದ್ದು ನನ್ನನ್ನು.

ಅಂಕಲ್ ಗ್ರೀನಿನ ಅಂಚಿನಲ್ಲಿ ಕಾಯಿ ಒಡೆದು, ಮಂಗಳಾರತಿ ಎತ್ತಿ, ಕುಳಿಯಲ್ಲಿ ನೆಟ್ಟಿದ್ದ ಬಾವುಟದ ಕಡೆ ನೋಡಿದರು. “ನೋಡಪ್ಪಾ, ಧ್ವಜಸ್ತಂಭವೂ ರೆಡಿ ಇದೆ. ಮೂರು ಪ್ರದಕ್ಷಿಣೆ ಹಾಕಿಬಿಡೋಣ” ಎಂದರು. ನಾನು ಗಂಟಲು ಸರಿಮಾಡಿಕೊಂಡು, “ಅಂಕಲ್, ಗ್ರೀನ್ ತುಳೀಬಾರದಂತೆ, ಹುಲ್ಲು ಹಾಳಾಗುತ್ತಂತೆ” ಎಂದೆ. ಅವರು ನನ್ನ ಕಾಲಿನ ಕಡೆ ನೋಡಿ ನಕ್ಕರು. “ಶೂ ಹಾಕ್ಕೊಂಡು ತುಳೀತಾರಲ್ಲ, ಅದಕ್ಕೆ ಹಾಳಾಗೋದು. ನಾವು ಬಿಚ್ಚಿಟ್ಟು ಹೋಗ್ತೀವಿ.” ಈ ತರ್ಕದ ಮುಂದೆ ನನ್ನ ತಲೆ ಆಡಿತು. ಐದಾರು ಜನ ಅಂಚಿನಲ್ಲಿ ಶೂಗಳನ್ನು ಸಾಲಾಗಿ ಬಿಟ್ಟು, ಕಾಲುಚೀಲದಲ್ಲಿ, ಒಬ್ಬರ ಹಿಂದೊಬ್ಬರು ಭಕ್ತಿಯಿಂದ ಸುತ್ತಿದೆವು. ಕಾಲ ಕೆಳಗೆ ಹುಲ್ಲು ಹಪ್ಪಳದ ಹಾಗೆ ಸದ್ದು ಮಾಡುತ್ತಿತ್ತು. ಇಂಪಾಗಿಯೇ ಇತ್ತು. ಸಾಹೇಬರು ಚಾ ತರುವಷ್ಟರಲ್ಲಿ ಬಿಸಿಲು ಬಂದು, ನಮ್ಮ ಹೆಜ್ಜೆಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಸೋಮವಾರ ಆಫೀಸಿಗೆ ಸಾಹೇಬರ ಫೋನ್ ಬಂತು. ಸಂಜೆ ಹೋಗಿ ನೋಡಿದರೆ, ಹಸಿರು ಜಮಖಾನೆಯ ನಡುವೆ, ಬಾವುಟದ ಸುತ್ತ, ಕಪ್ಪು ಹೆಜ್ಜೆಗಳ ದುಂಡನೆಯ ಉಂಗುರ. ಹೆಪ್ಪುಗಟ್ಟಿದ ಎಸಳಿಗೆ ಶೂ ಯಾವುದು, ಕಾಲುಚೀಲ ಯಾವುದು? ಸಾಹೇಬರು ಬಗ್ಗಿ ಒಂದು ಹೆಜ್ಜೆಯನ್ನು ಬೆರಳಿನಿಂದ ಸವರಿ ಕೇಳಿದರು:

“ಎಷ್ಟು ಸುತ್ತು ಹಾಕಿದ್ರಿ ಸಾರ್?”

“ಮೂರು.”

“ನನ್ ಸಲುವಾಗಿ?”

“ಹೌದು.”

“ಹಂಗಾದ್ರೆ ಬಯ್ಯೋ ಹಂಗೂ ಇಲ್ಲ” ಎಂದು ಅವರು ನಿಟ್ಟುಸಿರು ಬಿಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಆ ವಾರವಿಡೀ ಆಫೀಸು ಬಿಟ್ಟೊಡನೆ ಹೋಗಿ ಹುಲ್ಲಿನ ಮುಂದೆ ಕೂತು, ಬೆಳೆ ಬೆಳೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಅವಸರ ಮಾಡಲಿಲ್ಲ.

ಶನಿವಾರ ಮುದುಕರ ತಂಡ ಬಂತು. ಮುಖ್ಯಸ್ಥ ವಾಲ್ಟರ್, ಹುಬ್ಬು ಕೂಡ ನಗದ ಮನುಷ್ಯ, ಉಂಗುರದ ಮುಂದೆ ನಿಂತು ಇದೇನು ಎಂದು ಕೇಳಿದ. ಸಾಹೇಬರು ಸುತ್ತಿ ಬಳಸಿ ಹೇಳಲಿಲ್ಲ. ನನ್ನ ವ್ಯಾಪಾರ ಚೆನ್ನಾಗಿರಲಿ ಎಂದು ಗೆಳೆಯರು ಆ ಚಳಿಯಲ್ಲಿ ಶೂ ಬಿಚ್ಚಿಟ್ಟು ನಡೆದರು, ಇದು ಅದರ ಗುರುತು ಎಂದರು. ವಾಲ್ಟರ್ ನಮ್ಮೆಲ್ಲರ ಕಾಲುಗಳನ್ನು ನೋಡಿದ. ತನ್ನವರ ಜೊತೆ ಏನೋ ಗುಸುಗುಸು ಮಾಡಿ ಬಂದ. ಗಾಲ್ಫಿನಲ್ಲಿ ಚೆಂಡು ಕುಳಿಯ ತೀರ ಹತ್ತಿರ ನಿಂತರೆ ‘ಹೋಗಲಿ, ಬಿದ್ದಂತೆಯೇ’ ಎಂದು ಗೆಳೆಯರು ಬಿಟ್ಟುಕೊಡುವುದುಂಟು. ಎಷ್ಟು ಹತ್ತಿರ ಎಂಬುದಕ್ಕೆ ಆ ತಂಡದಲ್ಲಿ ವರ್ಷಗಟ್ಟಲೆ ಜಗಳವಂತೆ. ಈಗ ಗೆರೆ ಎಳೆದ ಹಾಗೆ ಗಡಿ ಸಿಕ್ಕಿತು. ಹೆಜ್ಜೆಗಳಿಗಿಂತ ಒಳಗೆ ನಿಂತದ್ದೆಲ್ಲ ಬಿದ್ದಂತೆ, ನಾವು ಇಲ್ಲೇ ಆಡುತ್ತೇವೆ ಎಂದ. ಸಾಹೇಬರು ಅಂಕಲ್‌ರನ್ನು ಅಪ್ಪಿಕೊಂಡರು. ಅಂಕಲ್, ಮುಹೂರ್ತ ಅಂದರೆ ಹೀಗೆ ಎಂಬಂತೆ ನನ್ನ ಕಡೆ ನೋಡಿದರು.

ಸಂತೋಷದಲ್ಲಿ ಸಾಹೇಬರು ಮೊದಲ ಚೆಂಡನ್ನು ನಾನೇ ತಳ್ಳಬೇಕೆಂದು ಕೋಲು ಕೊಟ್ಟರು. ಎಂದಿನಂತೆ ನನ್ನ ತಲೆ ಆಡಿತು. ಚೆಂಡು ಉರುಳಿ ಉರುಳಿ ಉಂಗುರ ದಾಟಿ ಒಳಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಲ್ಟರ್ ಮಾತ್ರ ಮಂಡಿಯೂರಿ ಕೂತು, ತಲೆ ಅಡ್ಡಡ್ಡ ಆಡಿಸಿದ. ಚೆಂಡಿಗೂ ಕುಳಿಗೂ ನಡುವೆ ಇನ್ನೂ ನಾಲ್ಕೈದು ಕಪ್ಪು ಹೆಜ್ಜೆಗುರುತುಗಳಿದ್ದವು. ಗುಂಪಿನಿಂದ ಬೇರೆಯಾಗಿ, ಕುಳಿಗೆ ತೀರ ಹತ್ತಿರದಲ್ಲಿ, ಯಾರೋ ಅಡ್ಡದಾರಿ ಹಿಡಿದ ಹಾಗೆ. ಅಂಕಲ್ ಬಗ್ಗಿ ಆ ಹೆಜ್ಜೆಗಳನ್ನು ನೋಡಿದರು. ಆಮೇಲೆ ನನ್ನ ಕಾಲನ್ನು ನೋಡಿದರು.

“ಮೂರನೇ ಸುತ್ತು ನೀನು ಪೂರ್ತಿ ಹಾಕ್ಲಿಲ್ಲ, ಅಲ್ವೇನಪ್ಪಾ?”

ಕಾಲು ಮರಗಟ್ಟಿತ್ತು ಅಂಕಲ್, ಎಂದೆ. ಚೆಂಡು ಎಲ್ಲ ಹೆಜ್ಜೆಗಳಿಗಿಂತ ಒಳಗಿಲ್ಲ, ಬಿದ್ದಂತಲ್ಲ ಎಂದು ವಾಲ್ಟರ್‌ನ ತಂಡದವರು ನನ್ನ ಲೆಕ್ಕಕ್ಕೆ ಇನ್ನೊಂದು ಹೊಡೆತ ಸೇರಿಸಿದರು.