ನೇರಳೆಕಾಡಿನಲ್ಲಿ ಯಾರೂ ಸತ್ತಿಲ್ಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸಾವಿನ ವಿಷಯದಲ್ಲಿ ನಗುವುದು ತಪ್ಪು, ಇನ್ನೊಬ್ಬರ ಓದಿನ ವಿಷಯದಲ್ಲಿ ನಗುವುದು ಇನ್ನೂ ತಪ್ಪು. ಈ ಕತೆಯಲ್ಲಿ ಎರಡೂ ಇವೆ. ನನಗಿಂತ ಚೆನ್ನಾಗಿ ಹೇಳಬಲ್ಲವರು ಆ ದಿನ ಆ ಅಂಗಳದಲ್ಲೇ ನಿಂತಿದ್ದರು. ಅವರು ಯಾರೂ ಬಾಯಿ ಬಿಡುವ ಹಾಗೆ ಕಾಣದ್ದರಿಂದ ನಾನು ಈ ಧೈರ್ಯ ಮಾಡಿದ್ದೇನೆ. ಎಲ್ಲಾದರೂ ತಪ್ಪಿದರೆ ದೊಡ್ಡ ಮನಸ್ಸು ಮಾಡಬೇಕು.

ಎಲ್ಲದಕ್ಕೂ ಕಾರಣ ಕೋವಿಯ ಒಂದು ಒದ್ದೆ ತೋಟಾ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ. ಭಾಗಮಂಡಲದ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಸಿಗುವ ನೇರಳೆಕಾಡು ಎಂಬ ಊರಿನಲ್ಲಿ ಬೊಳ್ಳಪ್ಪ ಎಂಬ ತರುಣನಿದ್ದ. ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅಭಿವೃದ್ಧಿ ಬ್ಲಾಕಿನಲ್ಲಿ ಆರೋಗ್ಯ ಸಹಾಯಕನಾಗಿ ಸೇರಿದ್ದ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಗೋಡೆಗೆ ಡಿಡಿಟಿ ಹೊಡೆಸುವುದು, ನೀರು ಕುದಿಸಿ ಕುಡಿಯಿರಿ ಎಂದು ಮನೆಮನೆಗೆ ಹೋಗಿ ಬೈಸಿಕೊಳ್ಳುವುದು ಅವನ ಕೆಲಸ. ಹೀಗಿದ್ದವನಿಗೆ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಓದುವ ಆಸೆ ಹತ್ತಿತು. ದೇಶದೇಶಗಳ ಅಭಿವೃದ್ಧಿ, ಕಾಡು-ನೀರು-ಗಾಳಿಯ ರಕ್ಷಣೆ, ಲೋಕದ ಆರೋಗ್ಯ, ಈ ಮೂರನ್ನೂ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಓದು ಅದು. ಹಡಗಿನ ಖರ್ಚೂ ಅವರದೇ. ಆದರೆ ಇಡೀ ರಾಜ್ಯಕ್ಕೆ ಒಂದೇ ಸೀಟು.

ಆ ಓದು ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಹಿಡಿಯಲಿಲ್ಲ. ಪಕ್ಕದ ಮನೆಯ ಬೋಜಪ್ಪನವರು ಡಾಕ್ಟರಿಕೆ ಎಂದುಕೊಂಡರು. ಅವರ ಹೆಂಡತಿ ಪ್ರೇಮಾವತಿ ಫಾರೆಸ್ಟ್ ರೇಂಜರ್ ಕೆಲಸ ಎಂದುಕೊಂಡಳು. ಬೊಳ್ಳಪ್ಪನ ದೊಡ್ಡಪ್ಪ ಪೂವಯ್ಯನವರು ಮಾತ್ರ, ಲೋಕದ ಆರೋಗ್ಯ ಅಂದರೆ ಲೋಕದಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ನಮ್ಮ ಹುಡುಗನೇ ಎದ್ದು ಹೋಗಬೇಕಾಗುತ್ತದೆ ಎಂದು ಚಿಂತೆ ಮಾಡಿದರು. ಬೊಳ್ಳಪ್ಪನಿಗೂ ಪೂರ್ತಿ ತಿಳಿದಿತ್ತು ಎಂದು ಹೇಳಲಾರೆ. ಹೋಗಿ ಕಲಿತ ಮೇಲೆ ತಿಳಿಯುತ್ತದೆ ಎಂದು ಅವನು ನಂಬಿದ್ದ.

ಆರಿಸಿ ಆರಿಸಿ ಕೊನೆಗೆ ಉಳಿದವರು ಇಬ್ಬರು. ಒಬ್ಬ ಬೊಳ್ಳಪ್ಪ, ಇನ್ನೊಬ್ಬ ಕುಟ್ಟದ ಕಡೆಯ ಜಯಪ್ಪ. ಇಬ್ಬರ ಊರನ್ನೂ ಕಣ್ಣಾರೆ ನೋಡಿಯೇ ತೀರ್ಮಾನಿಸುವುದಾಗಿ ಆ ವಿಶ್ವವಿದ್ಯಾಲಯದ ಪ್ರೊಫೆಸರ್ ದೊರೆಸಾನಿ ಹೇಳಿಕಳಿಸಿದ್ದರು. ಬೊಳ್ಳಪ್ಪ ತನ್ನ ಊರಿನ ಬಗ್ಗೆ ಎದೆ ತಟ್ಟಿಕೊಂಡು ತಿಳಿಸಿದ್ದ ಸಂಗತಿ ಒಂದೇ: ಹೋದ ಹುತ್ತರಿ ಹಬ್ಬದಿಂದ ಈ ಹುತ್ತರಿಯವರೆಗೆ ನೇರಳೆಕಾಡಿನಲ್ಲಿ ಯಾರೂ ಸತ್ತಿಲ್ಲ.

ಮಾತು ಸತ್ಯವೇ. ಆದರೆ ಹಾಗೆ ತಿಳಿಸಿದ ಮೇಲೆ ಅವನಿಗೆ ನೆಮ್ಮದಿ ಹೋಯಿತು. ಯಾರಾದರೂ ಮರ ಹತ್ತಿದರೆ ಕೆಳಗೆ ನಿಂತು ಇಳಿಯುವವರೆಗೂ ಕಾಯುವನು. ಮನೆಯಲ್ಲಿದ್ದ ತುಂಬಾ ವಯಸ್ಸಿನ ಅಜ್ಜಿ ಒಮ್ಮೆ ಕೆಮ್ಮಿದರೆ ಅವನ ಸೀಟು ಅಲುಗಾಡುತ್ತಿತ್ತು.

ದೊರೆಸಾನಿ ಬರುವ ದಿನ ಬೆಳಿಗ್ಗೆ ಪೂವಯ್ಯನವರು ಜೋಡುನಳಿಗೆ ಕೋವಿಯನ್ನು ಒರೆಸುತ್ತ ಕುಳಿತಿದ್ದರು. ಅಷ್ಟು ದೂರದಿಂದ ಬರುವವರನ್ನು ಕೋವಿಯ ಮರ್ಯಾದೆ ಇಲ್ಲದೆ ಮನೆಗೆ ಕರೆದರೆ ಹಿರಿಯರು ಮೆಚ್ಚುವರೇ ಎಂಬುದು ಅವರ ವಾದ.

ಬೊಳ್ಳಪ್ಪ ಓಡಿ ಬಂದು ಕೋವಿಯ ಮೇಲೆ ಕೈಯಿಟ್ಟ. ಕೊಡಗಿನಲ್ಲಿ ಕೋವಿಯೇ ಪತ್ರಿಕೆ. ಒಂದು ಗುಂಡು ಕೇಳಿದರೆ ಆ ಮನೆಯಲ್ಲಿ ಗಂಡುಮಗು ಹುಟ್ಟಿತು ಎಂದರ್ಥ. ಒಂದರ ಬೆನ್ನಿಗೆ ಇನ್ನೊಂದು ಕೇಳಿದರೆ ಸಾವು. ಕೇಳಿದವರು ಕೈಯಲ್ಲಿರುವ ಕೆಲಸ ಅಲ್ಲೇ ಬಿಟ್ಟು ಆ ಮನೆಗೆ ಬರಬೇಕು. ಹೇಳಿಕೆ, ಕರೆ ಏನೂ ಬೇಡ. ಅವನು ತುಂಬಾ ಯೋಚಿಸಿ ಹೇಳಿದ:

“ಹೊಡೆಯೋದಾದ್ರೆ ಮೂರು ಹೊಡೀರಿ ದೊಡ್ಡಪ್ಪ. ಒಂದು ಬೇಡ. ಎರಡಂತೂ ಬೇಡವೇ ಬೇಡ.”

“ನಂಗೆ ಲೆಕ್ಕ ಗೊತ್ತಿಲ್ಲೆಯಾ?” ಎಂದರು ಪೂವಯ್ಯನವರು.

ಲೆಕ್ಕ ಗೊತ್ತಿತ್ತು. ಜೀಪಿನ ಸದ್ದು ತಿರುವಿನಲ್ಲಿ ಕೇಳಿದ್ದೇ ತಡ, ಎರಡು ನಳಿಗೆಯನ್ನೂ ಆಕಾಶಕ್ಕೆ ಖಾಲಿ ಮಾಡಿದರು. ಕೋವಿಯನ್ನು ಬಾಗಿಸಿ ತೆರೆದು, ಮೂರನೆಯ ತೋಟಾ ತುಂಬಿ, ಗುಂಡು ಹಾರಿಸುವ ಕುದುರೆ ಎಳೆದರು. ಕೋವಿ ಹಲ್ಲಿಯ ಹಾಗೆ ಲೊಚಗುಟ್ಟಿತು, ಅಷ್ಟೇ. ಮತ್ತೆ ಎಳೆದರು. ಮತ್ತೆ ಲೊಚ್. ತೋಟಾ ಕಳೆದ ಮಳೆಗಾಲದಿಂದ ಅಟ್ಟದ ಮೇಲೆ ಸೋರುವ ಹೆಂಚಿನ ಕೆಳಗೆ ಮಲಗಿತ್ತು.

ಗೇಟಿನ ಹತ್ತಿರ ಹಾರ ಹಿಡಿದು ನಿಂತಿದ್ದ ಬೊಳ್ಳಪ್ಪ ಕಿವಿಗೊಟ್ಟು ಕಾದ. ಮೂರನೆಯದು ಬರಲೇ ಇಲ್ಲ. ಬದಲಿಗೆ ಸುತ್ತಲಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವವರ ಮಾತು ಒಮ್ಮೆಗೇ ನಿಂತಿತು. ಆಮೇಲೆ ಗುಡ್ಡದ ಮೇಲಿಂದ ಯಾರೋ ಕೂಗಿ ಎಲ್ಲಿ ಎಂದು ಕೇಳಿದ್ದು, ಬೊಳ್ಳಪ್ಪನ ಮನೆ ಕಡೆ ಎಂದು ಇನ್ಯಾರೋ ಹೇಳಿದ್ದು, ಹಾಗಾದರೆ ಅಜ್ಜಿ ಎಂದು ಮೂರನೆಯವರು ತೀರ್ಮಾನಿಸಿದ್ದು ಎಲ್ಲ ಸ್ಪಷ್ಟವಾಗಿ ಕೇಳಿಸಿತು.

ಜೀಪಿನಿಂದ ದೊರೆಸಾನಿ ಇಳಿದರು. ಜೊತೆಗೆ ಮಾತು ತಿಳಿಸಿಕೊಡಲು ಬ್ಲಾಕಿನ ಗುಮಾಸ್ತ ಸಣ್ಣಸ್ವಾಮಿ. ಅವನು ಹಾಸನದ ಕಡೆಯಿಂದ ವರ್ಗವಾಗಿ ಈಚೆಗಷ್ಟೇ ಬಂದವನು, ಈ ಸೀಮೆಯ ರೀತಿ ರಿವಾಜು ಒಂದೂ ತಿಳಿಯದು. ಬೊಳ್ಳಪ್ಪ ಹಾರ ಹಾಕುವಷ್ಟರಲ್ಲಿ ಅಳು ಕೇಳಿಸಿತು. ಕಾಲುದಾರಿಯಲ್ಲಿ ಪ್ರೇಮಾವತಿ ಮುಂದೆ, ಹತ್ತಾರು ಹೆಂಗಸರು ಹಿಂದೆ, ಎಲ್ಲರ ಸೆರಗೂ ಕಣ್ಣಿನ ಮೇಲೆ.

ಪ್ರೇಮಾವತಿ ಯಾರನ್ನೂ ಕೇಳದೆ ನೆಟ್ಟಗೆ ಅಡುಗೆಮನೆಗೆ ಹೋದಳು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದು. ಅತಿಥಿಗೆಂದು ಬೇಯುತ್ತಿದ್ದ ಕಡುಬು, ಕೋಳಿಸಾರು ಎರಡರ ಕೆಳಗೂ ಒಂದೊಂದು ಚೊಂಬು ನೀರು ಸುರಿದಳು. ಆಮೇಲೆ ಗೋಳಾಡುತ್ತ ಜಗಲಿಗೆ ಬಂದು ನೋಡಿದರೆ, ಅಜ್ಜಿ ಬಿಸಿಲಿಗೆ ಮೈ ಕಾಯಿಸುತ್ತ ಎಲೆಅಡಿಕೆ ಜಗಿಯುತ್ತಿದ್ದಳು. ಪ್ರೇಮಾವತಿಯ ಅಳು ಅರ್ಧ ಸ್ವರದಲ್ಲಿ ನಿಂತಿತು.

“ಅತ್ತೆ, ನೀವು ಇಲ್ಲೇ ಇದ್ದೀರಾ?”

“ಮತ್ತೆಲ್ಲಿಗೆ ಹೋಗ್ಲಿ?”

“ಹಾಗಾದ್ರೆ ಹೋದದ್ದು ಯಾರು?”

“ನಂಗೆ ಗೊತ್ತಿಲ್ಲೆ. ಎರಡು ಕೇಳಿತ್ತು,” ಎಂದು ಅಜ್ಜಿ ಎಲೆಅಡಿಕೆ ಉಗುಳಿ ಬಂದು, ಯಾರಾದರೇನು, ಹೋದವರು ನಮ್ಮವರೇ ಅಲ್ಲವೇ ಎಂದು ತಾನೂ ರಾಗ ತೆಗೆದಳು. ಅವಳ ಕಾಲದ ಅಳು. ಒಂದೊಂದು ಸಾಲೂ ಎದುರು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಉಳಿದವರಿಗೆ ಹುರುಪು ಬಂತು.

ಯಾರೂ ಸತ್ತಿಲ್ಲ, ಯಾರೂ ಸತ್ತಿಲ್ಲ ಎಂದು ಬೊಳ್ಳಪ್ಪ ಒಬ್ಬೊಬ್ಬರ ಮುಂದೆಯೂ ಹೋಗಿ ಹೇಳಿದ. ಬೋಜಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

“ಮೊದಲು ಎಲ್ಲರಿಗೂ ಹಾಗೇ ಅನ್ನಿಸೋದು ಮಗಾ.”

ಊರಿನಲ್ಲಿ ಯಾರು ತೀರಿಕೊಂಡರೂ ಮುಂದಿನದನ್ನೆಲ್ಲ ನೋಡಿಕೊಳ್ಳುವವರು ಬೋಜಪ್ಪನವರು. ಒಂದು ವರ್ಷದಿಂದ ಅವರಿಗೆ ಕೆಲಸವಿರಲಿಲ್ಲ. ಬೊಳ್ಳಪ್ಪನ ಬಾವಿಯ ಪಕ್ಕದ ಮಾವಿನ ಮರಕ್ಕೆ ಆಗಲೇ ಇಬ್ಬರನ್ನು ಕೊಡಲಿ ಕೊಟ್ಟು ಕಳಿಸಿಯಾಗಿತ್ತು. ಸುಡಲು ಸೌದೆ ಬೇಕಲ್ಲ.

ಇದೆಲ್ಲ ಏನು ಎಂದು ದೊರೆಸಾನಿ ವಿಚಾರಿಸಿದರು. ಸಣ್ಣಸ್ವಾಮಿ ಗುಂಪಿನಲ್ಲಿ ಒಬ್ಬರನ್ನು ಕೇಳಿ, ಈ ಮನೆಯಲ್ಲಿ ಎರಡು ಗುಂಡು ಹಾರಿತು, ಅದಕ್ಕೇ ಸಾವು ಎಂಬ ಉತ್ತರ ಪಡೆದು, ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ತಿಳಿಸಿದ. ದೊರೆಸಾನಿಯ ಮುಖ ಸುಣ್ಣ ಬಳಿದ ಗೋಡೆಯಾಯಿತು. ಪೊಲೀಸರಿಗೆ ಹೇಳಿ ಕಳಿಸಿದ್ದೀರಾ ಎಂದು ಕೇಳಿದರು. ಬೊಳ್ಳಪ್ಪ ನಡುವೆ ನುಗ್ಗಿ, “ನೋ ಡೆಡ್ ಮೇಡಂ, ಓನ್ಲಿ ಸೌಂಡ್,” ಎಂದ. ವಾರಗಟ್ಟಲೆ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಭಾಷಣದಲ್ಲಿ ಅವನಿಗೆ ಆಗ ಒದಗಿದ್ದು ಅಷ್ಟೇ, ಅದೂ ಭಾಷಣದಲ್ಲಿ ಇದ್ದದ್ದಲ್ಲ.

ಈ ಕಡೆ ಪೂವಯ್ಯನವರ ಮನಸ್ಸು ಚುಚ್ಚುತ್ತಿತ್ತು. ತಪ್ಪು ತನ್ನದು, ಲೆಕ್ಕ ತಾನೇ ಸರಿಮಾಡಬೇಕು ಎಂದು ಬಂದವರೊಬ್ಬರ ಹತ್ತಿರ ಒಣಗಿದ ತೋಟಾ ಕೇಳಿ ಪಡೆದು ಹಿತ್ತಿಲಿಗೆ ಹೋಗಿ ಮೂರನೆಯ ಗುಂಡು ಹೊಡೆದೇಬಿಟ್ಟರು. ಅವರ ಮಟ್ಟಿಗೆ ಮೂರಾಯಿತು. ಊರಿನ ಮಟ್ಟಿಗೆ ಅದು ಹೊಸದಾಗಿ ಒಂದು.

ದೂರದ ಮನೆಗಳಿಂದ ಅಳುತ್ತ ಬರುತ್ತಿದ್ದವರು ದಾರಿಯಲ್ಲೇ ಕಣ್ಣೊರೆಸಿಕೊಂಡರು. ಒಂದು ಜೀವ ಹೋದ ಮನೆಯಲ್ಲಿ ಆ ಕ್ಷಣವೇ ಒಂದು ಜೀವ ಬಂತು ಎಂದರೆ ದೇವರು ದೊಡ್ಡವನು. ಪ್ರೇಮಾವತಿ ಓಡಿಹೋಗಿ, ತಾನೇ ಆರಿಸಿದ ಒಲೆಯನ್ನು ಊದಿ ಊದಿ ಹೊತ್ತಿಸಿ, ಕೋಳಿಸಾರು ಇಳಿಸಿ ಸ್ನಾನದ ನೀರಿಗೆ ಹಂಡೆ ಇಟ್ಟಳು. ಅರಸಿನ, ಎಣ್ಣೆ ಹಿಡಿದು ಬಂದ ಹೆಂಗಸರು ಬಾಣಂತಿ ಎಲ್ಲಿ ಎಂದು ಕೋಣೆ ಕೋಣೆ ಹುಡುಕಿದರು. ಆ ಮನೆಯಲ್ಲಿ ಇದ್ದವರು ಮದುವೆಯಾಗದ ಬೊಳ್ಳಪ್ಪ, ಹೆಂಡತಿ ತೀರಿಕೊಂಡ ಪೂವಯ್ಯನವರು, ಮತ್ತೆ ಅಜ್ಜಿ. ಹುಡುಕಿ ಸೋತ ಹೆಂಗಸರ ಕಣ್ಣು ನಿಧಾನವಾಗಿ ಜಗಲಿಯ ಕಡೆ ತಿರುಗಿತು.

ಅಜ್ಜಿ ಅಳು ನಿಲ್ಲಿಸಿದಳು. “ನನ್ನನ್ನ ಎಂತಕೆ ನೋಡುದು?”

ಅಂಗಳದಲ್ಲಿ ಅರ್ಧ ಜನ ಅಳುತ್ತಿದ್ದರು, ಅರ್ಧ ಜನ ನಗುತ್ತಿದ್ದರು, ಎರಡರ ನಡುವೆ ಸಿಕ್ಕಿದವರು ಮೂಗು ಸೀಟುತ್ತಿದ್ದರು. ದೊರೆಸಾನಿ ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸುತ್ತ ನಿಂತರು. ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಹಾಗಿತ್ತು ಅವರ ನೋಟ.

ಬೊಳ್ಳಪ್ಪನಿಗೆ ತನ್ನ ಹಡಗು ಕಣ್ಣೆದುರೇ ಮುಳುಗುವುದು ಕಂಡಿತು. ಆಗ ಅವನಿಗೆ ಎಲ್ಲಿಂದಲೋ ಧೈರ್ಯ ಬಂತು. ಕಾಫಿ ಒಣಗಿಸುವ ಕಣದ ಕಟ್ಟೆ ಹತ್ತಿ ನಿಂತು, ಒಂದೊಂದು ಮನೆಯವರೂ ಬೇರೆ ಬೇರೆ ಸಾಲಾಗಿ ನಿಲ್ಲಬೇಕು, ತಮ್ಮ ಮನೆಯವರೆಲ್ಲ ಬದುಕಿದ್ದಾರೆಯೇ ನೋಡಿ ಹೇಳಬೇಕು ಎಂದು ಕೂಗಿದ. ಬೇರೆ ದಿನವಾಗಿದ್ದರೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಸತ್ತವರು ಯಾರೆಂದು ತಿಳಿಯುವ ಕುತೂಹಲ ಎಲ್ಲರಿಗೂ ಇತ್ತು. ನಿಂತರು. ನಮ್ಮಲ್ಲಿ ಇಲ್ಲ, ನಮ್ಮಲ್ಲೂ ಇಲ್ಲ ಎಂದು ಒಂದೊಂದೇ ಮನೆಯವರು ಹೇಳುತ್ತ ಬಂದರು. ಸುಬ್ಬ, ಮೊಣ್ಣಪ್ಪ ಇಬ್ಬರು ಮಾತ್ರ ಕಾಣಲಿಲ್ಲ. ಹೆಂಗಸರು ಮತ್ತೆ ಸೆರಗು ಎತ್ತುವಷ್ಟರಲ್ಲಿ ಬಾವಿಯ ಕಡೆಯಿಂದ ಇಬ್ಬರೂ ಕೊಡಲಿ ಹೊತ್ತು ಬಂದು, ಮರ ಉರುಳಿತು, ಹೆಣ ಎಲ್ಲಿ ಎಂದು ಕೇಳಿದರು.

ಹಾಗೆ ನೇರಳೆಕಾಡಿನಲ್ಲಿ ಯಾರೂ ಸತ್ತಿಲ್ಲ ಎಂಬುದು ಎಲ್ಲರ ಎದುರು ಸಾಬೀತಾಯಿತು. ಕೋವಿಯ ರಿವಾಜನ್ನು ಈಗ ಸರಿಯಾಗಿ ಕೇಳಿ ತಿಳಿದ ಸಣ್ಣಸ್ವಾಮಿ ಅದನ್ನು ದೊರೆಸಾನಿಗೆ ವಿವರಿಸಿದ. ಅವರು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಲಿನುದ್ದಕ್ಕೂ ನಡೆದು ಮಕ್ಕಳ ಕಣ್ಣು ನಾಲಿಗೆ ನೋಡಿದರು, ಬಾವಿಗೆ ಬಗ್ಗಿ ನೋಡಿದರು, ಅಜ್ಜಿಯ ಎದೆಯ ಶಕ್ತಿಯನ್ನು ಬಾಯ್ತುಂಬ ಹೊಗಳಿದರು. ಅರೆಬೆಂದ ಕಡುಬನ್ನೂ ಮರ್ಯಾದೆಗೆ ತಿಂದರು. ಹೊರಡುವಾಗ ಬೊಳ್ಳಪ್ಪನ ಎರಡೂ ಕೈ ಹಿಡಿದು ಕುಲುಕಿ ಅಭಿನಂದನೆ ಹೇಳಿದರು. ಪೂವಯ್ಯನವರ ಕೈ ಕೋವಿಯ ಕಡೆ ಹೋಯಿತು. ಬೋಜಪ್ಪನವರು ಹಿಡಿದುಕೊಂಡರು.

ದೊರೆಸಾನಿ ಇನ್ನೂ ಏನೋ ಹೇಳುತ್ತಿದ್ದರು. ಬೊಳ್ಳಪ್ಪನಿಗೆ ಸಂತೋಷದಲ್ಲಿ ಕಿವಿ ಕೇಳಿಸುತ್ತಿರಲಿಲ್ಲ. ಅವರು ಜೀಪು ಹತ್ತಿದ ಮೇಲೆ ಸಣ್ಣಸ್ವಾಮಿ ಹಿಂದಕ್ಕೆ ಬಂದು ತಲೆ ಕೆರೆದುಕೊಂಡ.

“ಬೊಳ್ಳಪ್ಪನೋರೇ, ಮೇಡಂ ಏನಂತಾರೆ ಅಂದ್ರೆ, ನಿಮ್ಮೂರು ಬಾಳ ಚೆನ್ನಾಗೈತೆ. ಆ ಸೀಟು ಇರೋದು ಜನ ಸಾಯೋ ಊರಿನೋರಿಗಂತೆ. ಇಲ್ಲಿ ಯಾರೂ ಸಾಯಲ್ವಲ್ಲ, ಇವರಿಗೆ ನಾವು ಕಲಿಸೋದೇನೈತೆ ಅಂತಾರೆ. ಜಯಪ್ಪನೋರ ಊರಲ್ಲಿ ಜ್ವರ ಇನ್ನೂ ಬಿಟ್ಟಿಲ್ವಂತೆ. ಸೀಟು ಅವರಿಗಂತೆ.” ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೇಳಿದ್ದನ್ನು ಪೂರ್ತಿ ಒಪ್ಪಿಸುವುದು ಅವನ ಕರ್ತವ್ಯವಾಗಿತ್ತು. “ಜೀಪಿಂದ ಇಳಿದಾಗ ಆ ಅಳು ಕೇಳಿ, ಪಾಪ, ಈ ಊರಿಗೇ ಕೊಡಾದು ಅಂತ ಮನಸ್ಸು ಮಾಡಿದ್ರಂತೆ. ನೀವೇ ನಿಂತು ಎಲ್ಲ ವಿವರವಾಗಿ ತೋರಿಸಿದ್ರಲ್ಲ, ಆಮೇಲೆ ಬಿಟ್ರಂತೆ.”

ಜೀಪು ಹೊರಟಿತು. ಮೊದಲು ಬಾಯಿ ತೆಗೆದವಳು ಪ್ರೇಮಾವತಿ.

“ಇದನ್ನ ಮೊದ್ಲೇ ಹೇಳೋದಲ್ವಾ ಬೊಳ್ಳಪ್ಪ? ಒಂದು ಮಾತು ಹೇಳಿದ್ರೆ ಸಂಜೆವರೆಗೂ ಅಳ್ತಿದ್ದೆವು.”

ಅಜ್ಜಿ ಜಗಲಿಯ ಕಂಬ ಹಿಡಿದು ಎದ್ದು ನಿಂತು ರಸ್ತೆಯ ಕಡೆ ನೋಡಿದಳು.

“ಜೀಪು ಇನ್ನೂ ತಿರುವು ದಾಟಿಲ್ಲೆ ಮಗಾ,” ಎಂದಳು. “ಬೇಕಾದ್ರೆ ನಾನು ಮಲಗ್ತೇನೆ.”

ಬೊಳ್ಳಪ್ಪ ಒಂದು ಕ್ಷಣ ಯೋಚನೆ ಮಾಡಿದ ಎಂದು ನೋಡಿದವರು ಹೇಳುತ್ತಾರೆ.

ದೊರೆಸಾನಿ ಅಂದದ್ದು ನಿಜವಾದ ಕಾರಣವೋ, ಅಥವಾ ಇಂಥ ಊರಿನಿಂದ ಯಾರನ್ನೂ ಕರೆದುಕೊಂಡು ಹೋಗುವುದು ಬೇಡ ಎಂದು ಹೆದರಿ ನಯವಾಗಿ ಹೇಳಿದ ನೆಪವೋ, ಸಣ್ಣಸ್ವಾಮಿ ಅದನ್ನಾದರೂ ಸರಿಯಾಗಿ ತಿಳಿಸಿದನೋ ಇಲ್ಲವೋ, ನನಗೆ ಗೊತ್ತಿಲ್ಲ.