ಆಯಿಯ ಸಂಚಿಯೊಳಗಿನ ಪಿಸ್ತೂಲು

ಬಂದೂಕು ರಿಪೇರಿಯವನ ಬಳಿ ಮೈ ಜುಮ್ಮೆನ್ನುವ ಕಥೆಗಳೇ ಇರುತ್ತವೆ ಎಂದು ಜನ ನಂಬಿದ್ದಾರೆ. ಚಿಕ್ಕೋಡಿಯ ನನ್ನ ಅಂಗಡಿಗೆ ಬಂದವೆಲ್ಲ ನಗುವ ಕಥೆಗಳು, ಅದರಲ್ಲಿ ಅರ್ಧ ಒಬ್ಬರೇ ತಂದವು. ಐನಾಪುರದ ದ್ರಾಕ್ಷಿ ತೋಟದ ಆಯಿ, ಗಂಡ ತೀರಿಕೊಂಡ ಮೇಲೆ ಅವರ ಪುಟ್ಟ ಪಿಸ್ತೂಲಿನ ಲೈಸೆನ್ಸನ್ನು ಹಟ ಹಿಡಿದು ತಮ್ಮ ಹೆಸರಿಗೆ ಮಾಡಿಸಿಕೊಂಡ ಹೆಣ್ಣುಮಗಳು. ಹನ್ನೆರಡು ವರ್ಷ ಆ ಪಿಸ್ತೂಲನ್ನು ನೋಡಿಕೊಂಡೆ. ಅದು ಗಟ್ಟಿಯೋ ಅವರು ಗಟ್ಟಿಯೋ, ಇವತ್ತಿಗೂ ಹೇಳಲಾರೆ.

ಸುಣ್ಣ

ಮೊದಲ ಸಲ ಬಂದಾಗ ಆಯಿ ಸಂಚಿ ಬಿಚ್ಚಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದಾಗಿ ತೆಗೆದಿಟ್ಟರು. ಕೊನೆಗೆ ಪಿಸ್ತೂಲು ಬಂತು. ನಳಿಗೆಯ ಒಳಗೆ ಕಣ್ಣಿಟ್ಟರೆ ಹೊಚ್ಚ ಹೊಸದು, ನಾಲ್ಕು ಗುಂಡೂ ಹಾರಿರಲಿಕ್ಕಿಲ್ಲ. ಆದರೆ ಕೆಳಗಿನ ಬಾಡಿ ಮಾತ್ರ ಸಿಡುಬು ಎದ್ದವರ ಮುಖದಂತಿತ್ತು. ಅದು ಅಲ್ಯೂಮಿನಿಯಂ ಬಾಡಿ. ಸುಣ್ಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಎಂದು ವಿವರಿಸಿದೆ.

ಆಯಿ ನನ್ನನ್ನೇ ಅನುಮಾನದಿಂದ ನೋಡಿದರು. "ಐವತ್ತ ವರ್ಷ ಆತು, ಸುಣ್ಣ ನನ್ನ ನಾಲಿಗಿ ತಿಂದಿಲ್ಲ. ಪಿಸ್ತೂಲ ತಿಂತೈತೇನೋ ಮಿಸ್ತ್ರಿ?"

ಇನ್ನೊಂದು ವಿಚಿತ್ರವೂ ಕಂಡಿತು. ಹಿಡಿಕೆಯ ಎರಡೂ ಬದಿಯ ಫಳಿಗಳನ್ನು, ಅಂದರೆ ತೆಳು ಹಲಗೆಗಳನ್ನು, ಹಿಡಿದಿಡುವ ಸ್ಕ್ರೂವಿನ ತಲೆ ಪೂರ್ತಿ ಸವೆದಿತ್ತು. ಗುಂಡೇ ಹಾರಿಸದ ಪಿಸ್ತೂಲಿನ ಸ್ಕ್ರೂವನ್ನು ಯಾರು ಇಷ್ಟು ಸಲ ತಿರುಗಿಸಿದರು? ಬಿಚ್ಚಿ ನೋಡುತ್ತೇನೆ ಎಂದರೆ ಆಯಿ ಬಿಡಲಿಲ್ಲ. ಅದು ಯಜಮಾನರ ಕೈ ಹತ್ತಿದ ಸ್ಕ್ರೂ ಎಂದರು. ದಿನಾ ಊಟ ಮುಗಿದ ಕೂಡಲೇ ಪಿಸ್ತೂಲು ತೆಗೆದುಕೊಂಡು ತೋಟಕ್ಕೆ ಹೋಗಿ, ಅರ್ಧ ತಾಸು ಕಾಡುಹಂದಿ ಕಾದು ಬರುತ್ತಿದ್ದರಂತೆ. ಎಂಥ ಧೈರ್ಯದ ಮನುಷ್ಯ ಎಂದು ನಾನೂ ಮೆಚ್ಚಿಕೊಂಡೆ. ಪಿಸ್ತೂಲಿಗೆ ಬೇರೆ ಚೀಲ ಹೊಲಿಸಿ ಎಂದೆ. ಹೊಲಿಸಿದರು. ಆ ಚೀಲವನ್ನು ಅದೇ ಸಂಚಿಯೊಳಗೆ ಇಟ್ಟರು.

ಕುಂಕುಮ

ಮುಂದಿನ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆ ಆದ ಮೇಲೆ ಬಂದರು. ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಜಗ್ಗಿದರೆ ಬರುತ್ತಿಲ್ಲ. ಒಳಗೆ ಅರಿಷಿಣ, ಕುಂಕುಮ, ಕಾಯಿ ನೀರು ಎಲ್ಲ ಕೂಡಿ ಹೋಳಿಗೆಯ ಹೂರಣದಂತೆ ಕಟ್ಟಿಕೊಂಡಿದ್ದವು. ಈ ಪುಡಿ ಒಳಗೆ ಸೇರಿದರೆ ಸ್ಲೈಡು ಜಾರುವ ದಾರಿ ಬೇಗ ಸವೆಯುತ್ತದೆ, ಪೂಜೆ ಬೇಕಾದರೆ ಲೈಸೆನ್ಸ್ ಪುಸ್ತಕಕ್ಕೆ ಮಾಡಿ ಎಂದು ಕೈ ಮುಗಿದೆ.

ಮಾತು ಮೀರಲಿಲ್ಲ. ಮರುವರ್ಷ ಪಿಸ್ತೂಲು ಸ್ವಚ್ಛ, ಲೈಸೆನ್ಸ್ ಪುಸ್ತಕ ಕೆಂಪು. ಆಯಿಯ ಫೋಟೋದ ಹಣೆಗೆ ನೇರವಾಗಿ ದೊಡ್ಡ ಕುಂಕುಮ ಬಿದ್ದಿತ್ತು. ನಾನು ಅದನ್ನೇ ನೋಡುತ್ತಿರುವುದು ಗೊತ್ತಾಗಿ, "ನಾ ಏನ ಹಚ್ಕೊಂಡಿಲ್ಲಪಾ, ಲೈಸೆನ್ಸಿಗೆ ಹಚ್ಚೀನಿ" ಎಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಲವಂಗ

ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಒಂದು ಸಲ ಆಯಿಯ ಜೊತೆ ನಾನೂ ಹೋಗಿದ್ದೆ. ಗುಂಡು ತುಂಬಿದೆಯೇ ಎಂದು ಪೊಲೀಸಪ್ಪ ಮ್ಯಾಗಜಿನ್ ತೆಗೆದು ಟೇಬಲ್ ಮೇಲೆ ಬಡಿದ. ಉದುರಿದ್ದು ಲವಂಗ. ಗುಂಡುಗಳು ಮನೆಯ ತಿಜೋರಿಯಲ್ಲಿವೆ, ಖಾಲಿ ಜಾಗ ಸುಮ್ಮನೆ ಯಾಕೆ ಬಿಡಬೇಕು ಎಂದರು ಆಯಿ. ಆತ ಬಹಳ ಪ್ರಾಮಾಣಿಕ. ರಶೀದಿಯಲ್ಲಿ ಬರೆದ: ಪಿಸ್ತೂಲು ಒಂದು, ಲವಂಗ ಹನ್ನೊಂದು.

ಸ್ಕ್ರೂ

ಆಮೇಲೆ ನಿಜವಾದ ಸಂಕಟ ಬಂತು. ಲೈಸೆನ್ಸ್ ನವೀಕರಣಕ್ಕೆ ಪಿಸ್ತೂಲು ನೋಡಿದ ಕಚೇರಿಯ ಸಾಹೇಬರಿಗೆ ಬಾಡಿಯ ಮೇಲಿನ ನಂಬರೇ ಕಾಣಲಿಲ್ಲ. ಸುಣ್ಣ ಬಟ್ಟೆಯ ಚೀಲವನ್ನೂ ದಾಟಿ ಅದನ್ನು ತಿಂದು ಮುಗಿಸಿತ್ತು. ನಂಬರಿಲ್ಲದ ಪಿಸ್ತೂಲನ್ನು ಇಟ್ಟುಕೊಳ್ಳುವ ಹಾಗಿಲ್ಲ, ಜಪ್ತಿ ಮಾಡಬೇಕಾಗುತ್ತದೆ ಎಂದರು. ಜೊತೆಗೆ ಹೋಗಿದ್ದ ನನ್ನ ಕಡೆ ಆಯಿ ತಿರುಗಿದರು.

ಈ ಮಾದರಿಗೆ ಹಿಡಿಕೆಯ ಒಳಗೂ ಅದೇ ನಂಬರು ಒತ್ತಿರುತ್ತಾರೆ ಎಂದು ನನಗೆ ನೆನಪಿತ್ತು. ನೋಡಬೇಕಾದರೆ ಆ ಸ್ಕ್ರೂ ಬಿಚ್ಚಲೇಬೇಕು. ಆಯಿ ತಾವೇ ಪಿಸ್ತೂಲನ್ನು ನನ್ನ ಮುಂದೆ ಸರಿಸಿ, ಹೂಂ ಎಂದರು. ಸಾಹೇಬರ ಎದುರಿಗೇ ಬಿಚ್ಚಿದೆ. ನಂಬರು ನಿನ್ನೆ ಒತ್ತಿದ ಹಾಗೆ ಸ್ಪಷ್ಟವಾಗಿತ್ತು. ಸಾಹೇಬರು ಪುಸ್ತಕ ನೋಡಿ, ಸರಿ ಇದೆ ಎಂದರು. ನಾನು ಉಸಿರು ಬಿಟ್ಟೆ.

ಆಗ ಫಳಿಯ ಹಿಂದಿನಿಂದ ಒಂದು ಸಣ್ಣ ಕಾಗದದ ಮಡಿಕೆ ಟೇಬಲ್ ಮೇಲೆ ಬಿತ್ತು. ಬಿಚ್ಚಿದರೆ ಒಂದು ಚಿಟಿಕೆ ತಂಬಾಕು. ಆಯಿ ಎತ್ತಿಕೊಂಡು ಮೂಸಿದರು.

"ನಿಪ್ಪಾಣಿದು," ಎಂದರು. "ನನ್ನ ತಲಿ ಮುಟ್ಟಿ ಆಣಿ ಮಾಡಿದ್ರು, ಬಿಟ್ಟೀನಿ ಅಂತ. ಹಂದಿ ಕಾಯಾಕ ಹೊಕ್ಕಿದ್ದಿಲ್ಲ ಹಂಗಾರ."

ಸ್ಕ್ರೂ ಸವೆದ ಕಾರಣ ನನಗೆ ಅವತ್ತು ತಿಳಿಯಿತು. ಸಾಹೇಬರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಆಯಿ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಎರಡೂ ಇಲ್ಲ. ಪಿಸ್ತೂಲಿನ ಕುಳಿ ಬಿದ್ದ ಮೈಮೇಲೆ ಬೆರಳಾಡಿಸಿದರು. "ತಂಬಾಕ ಅವರದು, ಸುಣ್ಣ ನಂದು. ಇಷ್ಟ ವರ್ಷ ಇಬ್ಬರೂ ಇದರಾಗ ಇದ್ವಿ ನೋಡು."

ಆಮೇಲೆ ಮಡಿಕೆಯನ್ನು ಮೊದಲಿನಂತೆಯೇ ಮಡಚಿ, ಇದ್ದ ಜಾಗದಲ್ಲೇ ಇಟ್ಟರು. ನಾನು ಫಳಿ ಕೂಡಿಸಿ, ನನ್ನ ಚೀಲದಿಂದ ಹೊಸ ಸ್ಕ್ರೂ ತೆಗೆದು ತಿರುಗಿಸತೊಡಗಿದೆ. ಆಯಿ ಮೆಲ್ಲಗೆ ನನ್ನ ಕೈ ಹಿಡಿದರು.

"ಮಿಸ್ತ್ರಿ, ಭಾಳ ಬಿಗಿ ಮಾಡಬ್ಯಾಡಪಾ. ನನ್ನ ಕೈಲೆ ಬಿಚ್ಚಾಕ ಬರಬೇಕು."